ಡೇರಿಗೆ ಹಾಕದ ಹಾಲು ಎಲ್ಲಿಗೆ ಹೋಗುತ್ತದೆ?



ಕೆಚ್ಚಲು ಬಾವಿಗೆ ಆ್ಯಂಟಿಬಯೋಟಿಕ್ ಕೊಟ್ಟ ಮೇಲೆ ಆ ಹಸುವಿನ ಹಾಲನ್ನು ಡೇರಿಗೆ ಹಾಕಬಾರದೆಂದು ನಿಮಗೆಲ್ಲ ಗೊತ್ತು. ಆದರೆ ಆ ಹಾಲನ್ನು ಏನು ಮಾಡುತ್ತೀರಿ? ಹಲವರ ಮನೆಯಲ್ಲಿ ಅದು ತಿಪ್ಪೆಗೆ, ಚರಂಡಿಗೆ, ಇಲ್ಲವೇ ನಾಯಿಗೆ, ಕರುವಿಗೆ ಹೋಗುತ್ತದೆ.

ಔಷಧಿ ಕೊಟ್ಟಾಗ ಬಲಹೀನ ರೋಗಾಣುಗಳು ಸಾಯುತ್ತವೆ. ಔಷಧಿಗೆ ಜಗ್ಗದವು ಉಳಿದು ಹೆಚ್ಚುತ್ತವೆ. ಆ ಶಕ್ತಿಯನ್ನು ಅವು ಬೇರೆ ರೋಗಾಣುಗಳಿಗೂ ದಾಟಿಸಬಲ್ಲವು. ಹಾಲು, ಸಗಣಿ, ಕೊಳಚೆ ನೀರಿನ ಮೂಲಕ ಹೊರಬಂದ ಇವನ್ನು ಕಾಗೆ, ಇಲಿ, ಹಂದಿ, ಕೋತಿಗಳು ಹೊತ್ತು ತಿರುಗುತ್ತವೆ.

ಆಫ್ರಿಕಾದ ಕೆನ್ಯಾ ದೇಶದಲ್ಲಿ ಕಾಡಿನ ಬಬೂನ್ ಕೋತಿಗಳ ಮಲವನ್ನು ವಿಜ್ಞಾನಿಗಳು ಪರೀಕ್ಷಿಸಿದರು. 1985ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಜನರಿಂದ ದೂರವಿದ್ದ ಗುಂಪುಗಳಿಗಿಂತ, ಮನುಷ್ಯರು ಎಸೆದ ಕಸವನ್ನು ದಿನವೂ ತಿನ್ನುತ್ತಿದ್ದ ಗುಂಪಿನಲ್ಲಿ ಔಷಧಿಗೆ ಜಗ್ಗದ ರೋಗಾಣುಗಳು ಬಹಳ ಹೆಚ್ಚಿದ್ದವು. ಕಾಡುಕೋತಿಗೆ ಚುಚ್ಚುಮದ್ದು ಕೊಡುವವರು ಯಾರು? ಕಸದಿಂದಲೇ ಅದು ಬಂದಿತ್ತು.

ನಮ್ಮ ತಿಪ್ಪೆಯನ್ನು ಕೆದಕುವ ಕಾಗೆಯೂ ಹಾಗೆಯೇ. ಅದೇ ಕಾಗೆ ನೀರಿನ ತೊಟ್ಟಿಯ ಮೇಲೆ, ಮೇವಿನ ಬಣವೆಯ ಮೇಲೆ ಕೂರುತ್ತದೆ. ನಾಳೆ ನಿಮ್ಮ ಹಸುವಿಗೋ ಮಗುವಿಗೋ ಕಾಯಿಲೆ ಬಂದಾಗ ಔಷಧಿ ಕೆಲಸ ಮಾಡದೆ ಹೋಗಬಹುದು. ಮನುಷ್ಯರಿಗೆ ಕೊನೆಯ ಅಸ್ತ್ರವಾಗಿ ಉಳಿದಿರುವ ಕೊಲಿಸ್ಟಿನ್ ಔಷಧಿಯನ್ನು ದನ, ಕೋಳಿಗಳಿಗೆ ಕೊಡುವುದನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿದ್ದು ಇದೇ ಕಾರಣಕ್ಕೆ.

ಹಾಗಾದರೆ ಏನು ಮಾಡಬೇಕು?

• ಆ್ಯಂಟಿಬಯೋಟಿಕ್ ಕೊಟ್ಟ ಹಸುವಿನ ಹಾಲನ್ನು ಕರುವಿಗೆ, ನಾಯಿಗೆ ಕುಡಿಸಬೇಡಿ.
• ಬಾವಿ, ಕೆರೆ, ಹಳ್ಳದಿಂದ ದೂರ ಗುಂಡಿ ತೋಡಿ, ಹಾಲು ಸುರಿದು, ಸುಣ್ಣ ಹಾಕಿ ಮಣ್ಣು ಮುಚ್ಚಿ. ನಾಯಿ ಕೆದಕದಷ್ಟು ಆಳವಿರಲಿ.
• ಎಷ್ಟು ದಿನ ಹಾಲು ಬೇರ್ಪಡಿಸಬೇಕೆಂದು ಚಿಕಿತ್ಸೆ ಕೊಟ್ಟ ದಿನವೇ ವೈದ್ಯರನ್ನು ಕೇಳಿ ಬರೆದಿಡಿ. ಎಲ್ಲ ಔಷಧಿಗೂ ಒಂದೇ ಲೆಕ್ಕವಿಲ್ಲ.
• ಬಾವು ಇಳಿಯಿತೆಂದು ಚಿಕಿತ್ಸೆಯನ್ನು ಅರ್ಧಕ್ಕೆ ನಿಲ್ಲಿಸಬೇಡಿ. ಉಳಿದ ಔಷಧಿಯನ್ನು ಪಕ್ಕದ ಮನೆಯ ಹಸುವಿಗೆ ಕೊಡಬೇಡಿ.
• ಹಸಿ ಸಗಣಿಯನ್ನು ಸೊಪ್ಪು-ತರಕಾರಿ ಮಡಿಗೆ ಹಾಕದೆ, ಚೆನ್ನಾಗಿ ಕಳಿತ ಗೊಬ್ಬರವನ್ನೇ ಬಳಸಿ.
• ಹಾಲು ಕರೆದ ಮೇಲೆ ಮೊಲೆತೊಟ್ಟಿನ ರಂಧ್ರ ಸ್ವಲ್ಪ ಹೊತ್ತು ತೆರೆದೇ ಇರುತ್ತದೆ. ಮೇವು ಹಾಕಿ ಅರ್ಧ ಗಂಟೆ ಹಸುವನ್ನು ನಿಲ್ಲಿಸಿ. ಬಾವೇ ಬರದಿದ್ದರೆ ಔಷಧಿಯೂ ಬೇಡ.

ಕೆಲವು ದಿನಗಳ ಹಾಲು ಮಣ್ಣುಪಾಲಾಗುವಾಗ ಹೊಟ್ಟೆ ಉರಿಯುತ್ತದೆ, ನಿಜ. ಆದರೆ ಔಷಧಿಯೇ ನಾಟದಂತಾದರೆ ಕಳೆದುಕೊಳ್ಳುವುದು ಹಾಲನ್ನಲ್ಲ, ಹಸುವನ್ನೇ.