ಪಂಪ್‌ಹೌಸಿನ ಪೆಟ್ಟಿಗೆಯಲ್ಲಿರುವ ನಂಬರುಗಳು



ಹೂಮಳೆ ತಡವಾದ ವರ್ಷ ರೋಬಸ್ಟಾಕ್ಕೆ ಸ್ಪ್ರಿಂಕ್ಲರ್ ನೀರು ಕೊಡುವ ಹೊತ್ತಿನಲ್ಲಿ ಪಂಪು ನಿಂತರೆ ಆಗುವ ನಷ್ಟವನ್ನು ವಸ್ತಾರೆ, ಮೂಡಿಗೆರೆ, ಕಳಸದ ಕಡೆಯ ಬೆಳೆಗಾರರಿಗೆ ಹೇಳಬೇಕಾಗಿಲ್ಲ. ಈಗ ಪಂಪು, ಡ್ರೈಯರುಗಳಿಗೆ ಪಿ.ಎಲ್.ಸಿ. ಎಂಬ ನಿಯಂತ್ರಣ ಪೆಟ್ಟಿಗೆ ಅಳವಡಿಸುವುದುಂಟು. ಅದರಲ್ಲಿ ಯಾವ ತಂತಿ ಯಾವ ನಂಬರಿಗೆ ಹೋಗಿದೆಯೆಂದು ಬರೆದಿಡದಿದ್ದರೆ, ಸಣ್ಣ ದೋಷಕ್ಕೂ ದೂರದ ಇಂಜಿನಿಯರನ್ನು ಕಾಯಬೇಕಾಗುತ್ತದೆ. ಆದ್ದರಿಂದ ಆ ನಂಬರುಗಳ ಕ್ರಮವನ್ನು ನಾವೂ ತಿಳಿದಿರುವುದು ಒಳ್ಳೆಯದು.

ಹಿಂದೆ ಕಾರ್ಖಾನೆಗಳಲ್ಲಿ ಯಂತ್ರಗಳನ್ನು ರಿಲೇಗಳೇ ನಡೆಸುತ್ತಿದ್ದವು. ಕೆಲಸದ ಕ್ರಮ ಬದಲಾದಾಗಲೆಲ್ಲ ವೈರಿಂಗನ್ನೇ ಬಿಚ್ಚಿ ಕಟ್ಟಬೇಕಿತ್ತು. 1968ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ ಇದಕ್ಕೆ ಪರಿಹಾರ ಕೇಳಿತು. ಡಿಕ್ ಮಾರ್ಲಿ ಮತ್ತು ಸಂಗಡಿಗರ ‘ಮೋಡಿಕಾನ್ 084’ 1969ರಲ್ಲಿ ಬಂದಿತು. ಅಲ್ಲಿಂದೀಚೆಗೆ ವೈರಿಂಗ್ ಹಾಗೆಯೇ ಇದ್ದು ಪ್ರೋಗ್ರಾಂ ಮಾತ್ರ ಬದಲಾಗುವಂತಾಯಿತು. ಹಾಗಾಗಬೇಕಾದರೆ ಪ್ರತಿ ತಂತಿಗೂ ಒಂದು ವಿಳಾಸವಿರಬೇಕು.

ಪೆಟ್ಟಿಗೆಗೆ ಬರುವ ಸುದ್ದಿ ಇನ್‌ಪುಟ್. ಅಲ್ಲಿಂದ ಹೊರಡುವ ಆಜ್ಞೆ ಔಟ್‌ಪುಟ್. ಮಿತ್ಸುಬಿಷಿಯ ಎಫ್‌ಎಕ್ಸ್ ಮಾದರಿಯಲ್ಲಿ ಮೊದಲನೆಯದಕ್ಕೆ ‘ಎಕ್ಸ್’, ಎರಡನೆಯದಕ್ಕೆ ‘ವೈ’ ಎಂಬ ಗುರುತು. ಒಂದು ಪಂಪ್‌ಹೌಸಿನ ಉದಾಹರಣೆ ನೋಡೋಣ:

ಎಕ್ಸ್ 0 – ಸ್ಟಾರ್ಟ್ ಬಟನ್
ಎಕ್ಸ್ 1 – ಸ್ಟಾಪ್ ಬಟನ್
ಎಕ್ಸ್ 2 – ಕೆರೆಯ ಫ್ಲೋಟ್ ಸ್ವಿಚ್ (ನೀರಿದ್ದರೆ ಆನ್)
ಎಕ್ಸ್ 3 – ಓವರ್‌ಲೋಡ್ ರಿಲೇ
ವೈ 0 – ಮೋಟಾರಿನ ಕಾಂಟ್ಯಾಕ್ಟರ್
ವೈ 1 – ಎಚ್ಚರಿಕೆ ಗಂಟೆ

ಪೆಟ್ಟಿಗೆಯು ಎಲ್ಲ ಇನ್‌ಪುಟ್‌ಗಳನ್ನು ಒಮ್ಮೆಗೇ ಓದಿ ನೆನಪಿನಲ್ಲಿಟ್ಟುಕೊಂಡು, ಪ್ರೋಗ್ರಾಮಿನಂತೆ ಲೆಕ್ಕ ಹಾಕಿ, ಔಟ್‌ಪುಟ್‌ಗಳಿಗೆ ಆಜ್ಞೆ ಕೊಡುತ್ತದೆ. ಸೆಕೆಂಡಿನ ಸಣ್ಣ ಭಾಗದಲ್ಲಿ ಇದು ಮುಗಿದು ಮತ್ತೆ ಮೊದಲಾಗುತ್ತದೆ. ಅದಕ್ಕೆ ಕೆರೆಯೂ ತಿಳಿಯದು, ಪಂಪೂ ತಿಳಿಯದು. ವಿಳಾಸ ಮಾತ್ರ ತಿಳಿದಿದೆ. ಇಲಿ ಕಡಿದ ತಂತಿಗಳನ್ನು ಮತ್ತೆ ಜೋಡಿಸುವಾಗ ಫ್ಲೋಟಿನ ತಂತಿಯನ್ನು ಎಕ್ಸ್ 0ಕ್ಕೆ ಸೇರಿಸಿದರೆ, ಕೆರೆಯಲ್ಲಿ ನೀರಿರುವುದನ್ನೇ ‘ಸ್ಟಾರ್ಟ್ ಬಟನ್ ಒತ್ತಿದ್ದಾರೆ’ ಎಂದು ಅದು ತಿಳಿಯುತ್ತದೆ.

ಎಕ್ಸ್ 7ರ ಮುಂದೆ ಎಕ್ಸ್ 10 ಎಂದಿದ್ದರೆ ಅಚ್ಚಿನ ತಪ್ಪಲ್ಲ. ಇದು ಎಂಟರ ಲೆಕ್ಕ. 8 ಮತ್ತು 9 ಇಲ್ಲಿಲ್ಲ. 1957ಕ್ಕೆ ಮೊದಲು ಹದಿನೈದಾಣೆಯ ಮುಂದೆ ಒಂದು ರೂಪಾಯಿ ಬರೆಯುತ್ತಿದ್ದ ಹಾಗೆ. ಸೀಮೆನ್ಸ್ ಪೆಟ್ಟಿಗೆಯಾದರೆ ‘ಐ 0.7’ರ ನಂತರ ‘ಐ 1.0’ ಬರುತ್ತದೆ, ಔಟ್‌ಪುಟ್‌ಗೆ ‘ಕ್ಯೂ’ ಎಂಬ ಗುರುತು.

ಸಾಮಾನ್ಯವಾಗಿ ಪ್ರತಿ ವಿಳಾಸಕ್ಕೂ ಒಂದು ಸಣ್ಣ ದೀಪವಿರುತ್ತದೆ. ಪಂಪು ಹೊರಡದಿದ್ದಾಗ ಪೆಟ್ಟಿಗೆಯ ಒಳಗೆ ಕೈಹಾಕದೆ ಈ ದೀಪಗಳನ್ನು ನೋಡಿರಿ. ಕೆರೆಯಲ್ಲಿ ನೀರಿದ್ದೂ ಎಕ್ಸ್ 2 ಹತ್ತದಿದ್ದರೆ ದೋಷವಿರುವುದು ಫ್ಲೋಟ್ ಅಥವಾ ಅದರ ತಂತಿಯ ಕಡೆ. ವೈ 0 ಹತ್ತಿಯೂ ಕಾಂಟ್ಯಾಕ್ಟರ್ ಎಳೆಯದಿದ್ದರೆ ಫ್ಯೂಸು, ತಂತಿ, ಕಾಯಿಲ್ ನೋಡಬೇಕು. ಇವೆರಡೂ ಊರಿನ ಎಲೆಕ್ಟ್ರಿಷಿಯನ್ ಮಾಡಬಲ್ಲ ಕೆಲಸ. ಇನ್‌ಪುಟ್‌ಗಳೆಲ್ಲ ಸರಿಯಿದ್ದೂ ವೈ 0 ಹತ್ತದಿದ್ದರೆ ಮಾತ್ರ ಪ್ರೋಗ್ರಾಂ ಬಲ್ಲವರನ್ನು ಕರೆಸಬೇಕು. ತುರ್ತು ಸ್ಟಾಪ್ ಬಟನ್ ಪ್ರೋಗ್ರಾಮನ್ನು ನೆಚ್ಚಿಕೊಳ್ಳದೆ, ನೇರವಾಗಿ ಕಾಂಟ್ಯಾಕ್ಟರಿನ ಕರೆಂಟನ್ನೇ ಕಡಿಯುವಂತಿರಬೇಕು.

ಹೊಸದಾಗಿ ಪೆಟ್ಟಿಗೆ ಹಾಕಿಸುವ ಸದಸ್ಯರು ಕೊನೆಯ ಕಂತು ಕೊಡುವ ಮೊದಲು ವಿಳಾಸಗಳ ಪಟ್ಟಿ, ಪ್ರೋಗ್ರಾಮಿನ ಪ್ರತಿ ಮತ್ತು ಪಾಸ್‌ವರ್ಡ್ ಕೇಳಿ ಪಡೆಯತಕ್ಕದ್ದು. ಪಟ್ಟಿಯ ಒಂದು ಪ್ರತಿಯನ್ನು ಪೆಟ್ಟಿಗೆಯ ಬಾಗಿಲಿನ ಒಳಗೆ ಅಂಟಿಸಿ, ಇನ್ನೊಂದನ್ನು ಮನೆಯಲ್ಲಿ ತೋಟದ ಕಾಗದಪತ್ರಗಳ ಜೊತೆ ಇಡಬೇಕಾಗಿ ವಿನಂತಿ.

– ಕಾರ್ಯದರ್ಶಿ