ರಾಗಿ ಕಣ ಮುಗಿದ ಮೇಲೆ ಜಾಫ್ನಾಕ್ಕೆ ಹಡಗು

ತುಮಕೂರು, ಗುಬ್ಬಿ, ಕುಣಿಗಲ್ ಕಡೆಯವರಿಗೆ ಶ್ರೀಲಂಕಾ ಎಂದರೆ ಬೆಂಗಳೂರಿನಿಂದ ಕೊಲಂಬೊಗೆ ವಿಮಾನ, ಕ್ಯಾಂಡಿ, ಸೀತಾ ಎಲಿಯ, ವಾಪಸ್. ಪ್ಯಾಕೇಜ್ ಟೂರಿನವರು ತೋರಿಸುವ ದಾರಿ ಅದು. ಇನ್ನೊಂದು ದಾರಿ ತಮಿಳುನಾಡಿನ ನಾಗಪಟ್ಟಣದ ಬಂದರಿನಿಂದ ಹೊರಡುತ್ತದೆ. ಸುಮಾರು 110 ಕಿ.ಮೀ. ಸಮುದ್ರ, ನಾಲ್ಕು ಗಂಟೆಯ ಹಡಗು ಪ್ರಯಾಣ. ಇಳಿಯುವುದು ಜಾಫ್ನಾ ಸಮೀಪದ ಕಾಂಕೇಸಂತುರೈಯಲ್ಲಿ.

ಎರಡು ದೇಶಗಳ ನಡುವೆ ಹಡಗಿನ ಓಡಾಟ ಹೊಸದೇನಲ್ಲ. 1914ರಲ್ಲಿ ಪಾಂಬನ್ ಸೇತುವೆ ತೆರೆದ ಮೇಲೆ ಮದ್ರಾಸಿನಿಂದ ಧನುಷ್ಕೋಡಿಗೆ ರೈಲು, ಅಲ್ಲಿಂದ ತಲೈಮನ್ನಾರ್‌ಗೆ ಸ್ಟೀಮರ್, ಮುಂದೆ ಕೊಲಂಬೊಗೆ ಮತ್ತೆ ರೈಲು ಇತ್ತು. ಜನ ಅದನ್ನು 'ಬೋಟ್ ಮೇಲ್' ಎನ್ನುತ್ತಿದ್ದರು. 1964ರ ಡಿಸೆಂಬರಿನ ಚಂಡಮಾರುತಕ್ಕೆ ಧನುಷ್ಕೋಡಿಯೇ ಕೊಚ್ಚಿಹೋಯಿತು. ರಾಮೇಶ್ವರದಿಂದ ಮುಂದುವರಿದ ಸ್ಟೀಮರನ್ನು ಎಂಬತ್ತರ ದಶಕದ ಅಂತರ್ಯುದ್ಧ ನಿಲ್ಲಿಸಿತು. 2011ರಲ್ಲಿ ತೂತ್ತುಕುಡಿಯಿಂದ ಕೊಲಂಬೊಗೆ ಹೊರಟ ಹಡಗು ಕೆಲವೇ ತಿಂಗಳು ಬಾಳಿತು.

ನಾಗಪಟ್ಟಣದ ಸರದಿ ಬಂದದ್ದು 2023ರ ಅಕ್ಟೋಬರ್ 14ರಂದು. 'ಚೆರಿಯಪಾಣಿ' ಎಂಬ ಹಡಗು ಹೊರಟು ಒಂದೇ ವಾರದಲ್ಲಿ ಹವಾಮಾನದ ನೆಪದಲ್ಲಿ ನಿಂತಿತು. 2024ರ ಆಗಸ್ಟ್ 16ಕ್ಕೆ 150 ಆಸನಗಳ 'ಶಿವಗಂಗೈ' ಬಂತು; ನವೆಂಬರಿಗೆ ಅದೂ ನಿಂತು, 2025ರ ಫೆಬ್ರುವರಿ 22ಕ್ಕೆ ಮತ್ತೆ ಹೊರಟಿತು.

ಯೋಜನೆ ಹಾಕುವವರು ಟಿಕೆಟ್ ದರಕ್ಕಿಂತ ಮೊದಲು ಈ ತಾರೀಖುಗಳನ್ನೇ ಓದಬೇಕು. ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಹಿಂಗಾರಿನ ಗಾಳಿ, ಅಲೆ. ಆಗ ಹಡಗನ್ನು ನಂಬಿ ರಜೆ ಹಾಕುವುದು ದಡ್ಡತನ. ಗುಬ್ಬಿಯ ತೋಟದವರಿಗೆ ಇದು ಕಷ್ಟವಲ್ಲ. ರಾಗಿ ಕಣ, ಅಡಿಕೆ ಕೊಯ್ಲು ಮುಗಿದು ಕೈ ಬಿಡುವಾಗುವ ಫೆಬ್ರುವರಿ, ಮಾರ್ಚ್ ತಿಂಗಳಲ್ಲೇ ಆ ಸಮುದ್ರವೂ ತಣ್ಣಗಿರುತ್ತದೆ.

ಗುಬ್ಬಿ, ತುಮಕೂರಿನವರು ಅರಸೀಕೆರೆ ಮಾರ್ಗದ ರೈಲಿನಲ್ಲಿ, ಕುಣಿಗಲ್‌ನವರು ಹಾಸನ ಮಾರ್ಗದಲ್ಲಿ ಬೆಂಗಳೂರು ತಲುಪಬಹುದು. ಅಲ್ಲಿಗೆ ಮೈಸೂರಿನಿಂದ ಬರುವ ಸಂಜೆಯ ಎಕ್ಸ್‌ಪ್ರೆಸ್ ತಂಜಾವೂರು, ಕುಂಭಕೋಣ ಹಾದು ಬೆಳಿಗ್ಗೆ ಮಯಿಲಾಡುದುರೈಗೆ ಬಿಡುತ್ತದೆ. ನಾಗಪಟ್ಟಣಕ್ಕೆ ಮುಂದೆ ಬಸ್ಸು. ಹಡಗು ಹೊರಡುವುದೂ ಬೆಳಿಗ್ಗೆಯೇ, ಅದಕ್ಕೂ ಮೊದಲು ವಲಸೆ, ಕಸ್ಟಮ್ಸ್ ತಪಾಸಣೆ. ಹಾಗಾಗಿ ಅದೇ ದಿನ ಹತ್ತುವ ಆಸೆ ಬೇಡ. ನಾಗಪಟ್ಟಣದಲ್ಲಿ ಒಂದು ರಾತ್ರಿ ತಂಗಲೇಬೇಕು.

ತಂಗಿದರೆ ನಷ್ಟವಿಲ್ಲ. ಹನ್ನೊಂದನೆಯ ಶತಮಾನದಲ್ಲಿ ಚೋಳರ ಈ ಬಂದರಿನಲ್ಲಿ ಶ್ರೀವಿಜಯದ ದೊರೆ ಕಟ್ಟಿಸಿದ ಬೌದ್ಧ ವಿಹಾರವಿತ್ತು. ಮುಂದೆ ಡಚ್ಚರು ಇದನ್ನು ಕೋರಮಂಡಲ ತೀರದ ಕೇಂದ್ರ ಮಾಡಿಕೊಂಡರು. ಉತ್ತರಕ್ಕೆ ಕೆಲವೇ ಕಿ.ಮೀ. ದೂರದಲ್ಲಿ ನಾಗೂರು ದರ್ಗಾ. ಅದರ ಐದು ಮಿನಾರುಗಳಲ್ಲಿ ಎಲ್ಲಕ್ಕಿಂತ ಎತ್ತರದ, 131 ಅಡಿಯದನ್ನು ಕಟ್ಟಿಸಿದ್ದು ತಂಜಾವೂರಿನ ಮರಾಠ ದೊರೆ ಪ್ರತಾಪಸಿಂಹ. ದಕ್ಷಿಣಕ್ಕೆ ವೇಲಾಂಕಣಿ, ಕರ್ನಾಟಕದ ಕ್ರೈಸ್ತ ಕುಟುಂಬಗಳಿಗೆ ಈ ದಾರಿ ಮೊದಲೇ ಗೊತ್ತು. 2004ರ ಸುನಾಮಿಯಲ್ಲಿ ತಮಿಳುನಾಡಿನಲ್ಲಿ ಅತಿ ಹೆಚ್ಚು ಜನ ಸತ್ತದ್ದು ಇದೇ ಜಿಲ್ಲೆಯಲ್ಲಿ.

ಆಚೆ ದಡದ ಕಾಂಕೇಸಂತುರೈ ಯುದ್ಧಕಾಲದಲ್ಲಿ ಸೇನೆಯ ಬಿಗಿ ವಲಯದೊಳಗಿತ್ತು. ಕೊಲಂಬೊದ ರೈಲು ಅಲ್ಲಿಗೆ ಮರಳಿದ್ದು 2015ರಲ್ಲಿ. ಜಾಫ್ನಾ ನಗರ ಅಲ್ಲಿಂದ ಸುಮಾರು 18 ಕಿ.ಮೀ. ತೆಂಗಿನ ಸಾಲು ಕಂಡ ಕಣ್ಣಿಗೆ ಅಲ್ಲಿ ತಾಳೆಮರಗಳ ಸಾಲು, ಬೆಲ್ಲವೂ ತಾಳೆಯದೇ. ಜುಲೈ, ಆಗಸ್ಟಿನ ಹೊತ್ತಿಗೆ ಹೋದವರಿಗೆ ನಲ್ಲೂರು ಕಂದಸ್ವಾಮಿಯ 25 ದಿನಗಳ ಜಾತ್ರೆ ಸಿಗಬಹುದು. ನೋಡಲೇಬೇಕಾದ್ದು ಮಾತ್ರ ಸಾರ್ವಜನಿಕ ಗ್ರಂಥಾಲಯದ ಬಿಳಿ ಕಟ್ಟಡ. 1981ರಲ್ಲಿ ಬೆಂಕಿ ಹಚ್ಚಿದಾಗ ಸುಮಾರು 97 ಸಾವಿರ ಪುಸ್ತಕ, ತಾಳೆಗರಿ ಸುಟ್ಟುಹೋದವು. ಅದೇ ಜಾಗದಲ್ಲಿ ಮತ್ತೆ ಕಟ್ಟಿ ತೆರೆದಿದ್ದಾರೆ.

ಪಾಸ್‌ಪೋರ್ಟಿನ ಅವಧಿ ಕನಿಷ್ಠ ಆರು ತಿಂಗಳು ಉಳಿದಿರಬೇಕು, ಶ್ರೀಲಂಕಾದ ಇ.ಟಿ.ಎ. ಅನುಮತಿಯನ್ನು ಆನ್‌ಲೈನಿನಲ್ಲಿ ಮೊದಲೇ ಪಡೆಯಬೇಕು. ಲಗೇಜಿನ ತೂಕ, ವಾರದಲ್ಲಿ ಓಡುವ ದಿನ, ದರ ಎಲ್ಲವೂ ಬದಲಾಗುತ್ತಿರುವುದರಿಂದ ಹೊರಡುವ ಮುನ್ನ ಹಡಗು ಕಂಪನಿಯನ್ನೇ ಕೇಳುವುದು ಒಳ್ಳೆಯದು. ಸೋಮವಾರ ಬೆಳಿಗ್ಗೆ ತುಮಕೂರಿನ ಕಚೇರಿಯಲ್ಲಿ ಕೂರಲೇಬೇಕಾದವರು ಹೋಗುವುದನ್ನು ಹಡಗಿನಲ್ಲಿ, ಬರುವುದನ್ನು ಜಾಫ್ನಾದಿಂದ ಚೆನ್ನೈಗಿರುವ ವಿಮಾನದಲ್ಲಿ ಇಟ್ಟುಕೊಂಡರೆ ಸಮುದ್ರ ಕೆರಳಿದರೂ ರಜೆ ಬೆಳೆಯುವುದಿಲ್ಲ.