ಕಷ್ಟದ ಬಸಿರಿನಲ್ಲಿ ತವರು ಎಲ್ಲಿರಬೇಕು?

ಕನ್ನಡ ನಾಡಿನ ಬಹುಪಾಲು ಮನೆಗಳಲ್ಲಿ ಚೊಚ್ಚಲ ಹೆರಿಗೆ ತವರಿನ ಹೊಣೆ. ಹಳೇ ಮೈಸೂರು ಕಡೆ ಸೀಮಂತ, ಉತ್ತರ ಕರ್ನಾಟಕದಲ್ಲಿ ಕುಬಸ. ವಿಧಿಗಳಲ್ಲಿ ವ್ಯತ್ಯಾಸವಿದ್ದರೂ ನಡೆಯುವ ಕ್ರಮ ಹೆಚ್ಚುಕಡಿಮೆ ಒಂದೇ: ಬೆಸ ತಿಂಗಳು, ಒಳ್ಳೆಯ ದಿನ ನೋಡಿ, ಹಸಿರು ಬಳೆ ತೊಡಿಸಿ, ಮಡಿಲು ತುಂಬಿ ಮಗಳನ್ನು ತವರಿಗೆ ಕರೆತರುತ್ತಾರೆ. ಏಳರಲ್ಲೋ ಒಂಬತ್ತರಲ್ಲೋ ಬಂದವಳು ಹೆರಿಗೆ, ಬಾಣಂತನ ಮುಗಿಸಿಕೊಂಡು ಕೂಸಿನೊಂದಿಗೆ ಗಂಡನ ಮನೆಗೆ ಮರಳುತ್ತಾಳೆ. ಈ ಪದ್ಧತಿಯ ಹಿಂದೆ ವಿವೇಕವಿದೆ. ಸೊಸೆಯಾಗಿ ಬೆಳಗಿನಿಂದ ರಾತ್ರಿಯವರೆಗೆ ದುಡಿಯುವ ಹುಡುಗಿಗೆ ಹೊತ್ತಿಲ್ಲದ ಹೊತ್ತಿನಲ್ಲಿ ಮಲಗುವ, ಬೇಕಾದ್ದನ್ನು ಕೇಳಿ ತಿನ್ನುವ, ನೋವಾದರೆ ನೋವೆಂದು ಬಾಯಿಬಿಟ್ಟು ಹೇಳುವ ಸಲಿಗೆ ಸಿಗುವುದು ಅಲ್ಲೇ. ಅದನ್ನು ಕೈಬಿಡಿ ಎಂದು ಯಾರೂ ಹೇಳಬಾರದು. ಆದರೆ ಬಸಿರು ಸಲೀಸಾಗಿ ಸಾಗದೆ, ಬಿಪಿ, ಶುಗರ್, ರಕ್ತಸ್ರಾವ, ಅವಳಿ ಕೂಸು, ಹಿಂದೆ ಗರ್ಭ ನಿಲ್ಲದೆ ಹೋದದ್ದು ಇಂಥ ಯಾವುದಾದರೊಂದು ಸೇರಿಕೊಂಡಾಗ ಮಗಳು ಯಾವ ತಿಂಗಳು ಎಲ್ಲಿರಬೇಕೆಂಬುದನ್ನು ರೂಢಿಯ ಪಾಲಿಗೆ ಬಿಡುವುದು ಅಪಾಯ. ಅಂಥ ಬಸಿರಿನಲ್ಲಿ ಹೆರಿಗೆಯ ಊರನ್ನೂ ಆಸ್ಪತ್ರೆಯನ್ನೂ ನಾಲ್ಕನೇ ತಿಂಗಳಲ್ಲೇ ತೀರ್ಮಾನಿಸಬೇಕು. ಮಗಳು ಬರುವಂತಿಲ್ಲವಾದರೆ ತವರಿನವರೇ ಅವಳಿರುವಲ್ಲಿಗೆ ಹೋಗಬೇಕು ಎಂಬುದು ನನ್ನ ವಾದ.

ಏಕೆಂದರೆ ನಾವು ಮಗಳನ್ನು ಊರಿಂದ ಊರಿಗೆ ಸಾಗಿಸುವ ತಿಂಗಳುಗಳೇ ಕಷ್ಟದ ಬಸಿರಿನ ಅತಿ ಸೂಕ್ಷ್ಮ ತಿಂಗಳುಗಳು. ಬಿಪಿಯನ್ನೇ ತೆಗೆದುಕೊಳ್ಳಿ. ವೈದ್ಯರು ಪ್ರಿಎಕ್ಲಾಂಪ್ಸಿಯಾ ಎಂದು ಕರೆಯುವ ತೊಂದರೆಯ ಬೀಜ ಮೊದಲ ತಿಂಗಳುಗಳಲ್ಲೇ, ಮಾಸು ಗರ್ಭಕೋಶದ ಗೋಡೆಗೆ ಸರಿಯಾಗಿ ಬೇರೂರದಾಗ ಬಿದ್ದಿರುತ್ತದೆ. ಆದರೆ ಅದು ಹೊರಗೆ ಕಾಣುವುದು 20 ವಾರ ಕಳೆದ ಮೇಲೆ, ಬಹಳ ಸಲ ಏಳನೇ ತಿಂಗಳ ನಂತರ. ಬಿಪಿ 140/90 ಮುಟ್ಟಿದರೆ ನಿಗಾ ಬೇಕು, 160/110 ಮುಟ್ಟಿದರೆ ಅದು ತುರ್ತು. ಹಿಡಿತ ತಪ್ಪಿದರೆ ಫಿಟ್ಸ್ ಬರುತ್ತದೆ, ಯಕೃತ್ತು, ಮೂತ್ರಪಿಂಡ ಕೆಡುತ್ತವೆ. ಇದಕ್ಕೆ ಕೊನೆಯ ಮದ್ದು ಹೆರಿಗೆ ಒಂದೇ. ಹಾಗಾಗಿ ವೈದ್ಯೆಯ ಮುಂದಿರುವ ಪ್ರಶ್ನೆ, ಈ ಬಸಿರನ್ನು ಇನ್ನೆಷ್ಟು ದಿನ ಮುಂದುವರಿಸಬಹುದು ಎಂಬುದು. ಅದಕ್ಕೆ ಉತ್ತರ ಒಂದು ದಿನದ ಬಿಪಿಯಲ್ಲಾಗಲಿ ಒಂದೇ ಸ್ಕ್ಯಾನಿಂಗ್‌ನಲ್ಲಾಗಲಿ ಸಿಗದು. ಹೋದ ತಿಂಗಳು ಕೂಸು ಎಷ್ಟಿತ್ತು, ಈಗ ಎಷ್ಟು ಬೆಳೆದಿದೆ, ರಕ್ತಪರೀಕ್ಷೆಯ ಅಂಕಿಗಳು ಯಾವ ಕಡೆ ಸರಿಯುತ್ತಿವೆ ಎಂಬುದನ್ನು ಹೋಲಿಸಿ ನೋಡಬೇಕು. ಆರು ತಿಂಗಳು ಒಬ್ಬರು ನೋಡಿದ ಬಸುರಿ ಏಳರಲ್ಲಿ ಹೊಸ ಊರಿನ ಹೊಸ ಆಸ್ಪತ್ರೆಗೆ ಬಂದರೆ, ಅದೂ ತಾಯಿ ಕಾರ್ಡನ್ನೋ ಹಳೆಯ ವರದಿಗಳನ್ನೋ ಗಂಡನ ಮನೆಯಲ್ಲೇ ಮರೆತು ಬಂದರೆ, ಆ ಹೋಲಿಕೆಯ ಎಳೆಯೇ ತುಂಡಾಗುತ್ತದೆ. ಅವಧಿಗೆ ಮುನ್ನ ಹೆರಿಗೆಯಾಗುವ ಸೂಚನೆಯಿದ್ದಾಗ ಕೂಸಿನ ಶ್ವಾಸಕೋಶ ಬಲಿಯಲೆಂದು ತಾಯಿಗೆ ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದು ಹೆರಿಗೆಗೆ ಮೊದಲೇ ಬೀಳಬೇಕು. ಹುಟ್ಟಿದ ಕೂಸಿಗೆ ನವಜಾತ ಶಿಶುಗಳ ತೀವ್ರ ನಿಗಾ ಘಟಕ ಅದೇ ಕಟ್ಟಡದಲ್ಲಿರಬೇಕು. ತವರಿನ ಪ್ರೀತಿಯಲ್ಲಿ ಎಷ್ಟೇ ಶಕ್ತಿಯಿದ್ದರೂ ಈ ಎರಡನ್ನು ಅದು ಕೊಡಲಾರದು. ಇದು ಎರಡೂ ದಿಕ್ಕಿಗೆ ಅನ್ವಯಿಸುವ ಮಾತು. ಮಗಳು ಹಳ್ಳಿಯಲ್ಲಿದ್ದು ತವರು ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಇದ್ದರೆ ಏಳನೇ ತಿಂಗಳವರೆಗೆ ಕಾಯದೆ ಮೊದಲೇ ಕರೆತರುವುದು ಒಳ್ಳೆಯದು. ಬೇಗ ಯೋಚಿಸಲು ಇನ್ನೊಂದು ಕಾರಣವೂ ಇದೆ. ಅಪಾಯ ಹೆಚ್ಚಿರುವ ಬಸುರಿಯರಿಗೆ ಮೊದಲ ತಿಂಗಳುಗಳಲ್ಲೇ ಶುರುಮಾಡಿದ ಕಡಿಮೆ ಪ್ರಮಾಣದ ಆಸ್ಪಿರಿನ್, ಅವಧಿಗೆ ಮುನ್ನ ಹೆರಿಗೆ ಮಾಡಿಸಬೇಕಾಗಿ ಬರುವಂಥ ಪ್ರಿಎಕ್ಲಾಂಪ್ಸಿಯಾವನ್ನು ಅರ್ಧಕ್ಕಿಂತ ಹೆಚ್ಚು ತಗ್ಗಿಸಿತು ಎಂದು 2017ರಲ್ಲಿ ಪ್ರಕಟವಾದ ಆಸ್ಪ್ರೆ ಅಧ್ಯಯನ ತೋರಿಸಿತು. ವೈದ್ಯರು ಬರೆದುಕೊಟ್ಟವರು ಮಾತ್ರ ನುಂಗಬೇಕಾದ ಮಾತ್ರೆ ಇದು. ಆದರೆ ಸೀಮಂತದ ನಂತರ ಅದರ ಬಗ್ಗೆ ಕೇಳಿದರೆ ಸಮಯ ಮೀರಿರುತ್ತದೆ.

ತಾಯಂದಿರ ಸಾವಿನ ಬಗ್ಗೆ ಯೋಚಿಸುವವರೆಲ್ಲ ಇಂದಿಗೂ ನೆನೆಯುವ ಒಂದು ವಿವರಣೆಯನ್ನು ಸೆರೀನ್ ಥಾಡಿಯಸ್ ಮತ್ತು ಡೆಬೊರಾ ಮೇನ್ 1994ರಲ್ಲಿ ಮುಂದಿಟ್ಟರು. ಅವರು ಮೂರು ವಿಳಂಬಗಳನ್ನು ಗುರುತಿಸಿದರು: ಆಸ್ಪತ್ರೆಗೆ ಹೋಗಬೇಕೆಂದು ತೀರ್ಮಾನಿಸುವುದರಲ್ಲಿ ಆಗುವ ತಡ, ಹೊರಟ ಮೇಲೆ ತಲುಪುವುದರಲ್ಲಿ ಆಗುವ ತಡ, ತಲುಪಿದ ಮೇಲೆ ಸರಿಯಾದ ಚಿಕಿತ್ಸೆ ಸಿಗುವುದರಲ್ಲಿ ಆಗುವ ತಡ. ಎರಡನೆಯದಕ್ಕೂ ಮೂರನೆಯದಕ್ಕೂ ಸರ್ಕಾರ ಉತ್ತರ ಹೇಳಬೇಕು. ಮೊದಲನೆಯದು ಮಾತ್ರ ನಡುಮನೆಯಲ್ಲಿ ಆಗುವ ತಡ. ‘ಬೆಳಗಾಗಲಿ ನೋಡೋಣ’, ‘ಅಳಿಯಂದಿರಿಗೆ ಒಂದು ಮಾತು ಕೇಳೋಣ’, ‘ಬಸುರಿಗೆ ಕಾಲು ಊದದೆ ಇರುತ್ತದೆಯೇ’ ಎಂಬ ಮಾತುಗಳಲ್ಲಿ ಕಳೆದುಹೋಗುವ ಗಂಟೆಗಳು ಅವು. ಕರ್ನಾಟಕದಲ್ಲಿ 2001-03ರಲ್ಲಿ ಲಕ್ಷ ಜೀವಂತ ಜನನಗಳಿಗೆ 228 ತಾಯಂದಿರು ಸಾಯುತ್ತಿದ್ದರು; 2018-20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಶೇ 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿವೆ. ಇದು ಸಣ್ಣ ಸಾಧನೆಯಲ್ಲ. ಆಶಾ ಕಾರ್ಯಕರ್ತೆಯರು, 2008ರಲ್ಲಿ ಬಂದ 108 ಆಂಬುಲೆನ್ಸ್, ಹೆರಿಗೆ ವಾರ್ಡಿನ ಶುಶ್ರೂಷಕಿಯರು ಸೇರಿ ಗಳಿಸಿದ್ದು. ಆದರೂ ಅದೇ 2018-20ರಲ್ಲಿ ಪಕ್ಕದ ಕೇರಳದ ಅಂಕಿ 19. ಆಸ್ಪತ್ರೆಗೆ ಹೋಗಬೇಕೆಂದು ಈಗ ಯಾರಿಗೂ ಹೇಳಿಕೊಡಬೇಕಿಲ್ಲ. ಯಾವ ಆಸ್ಪತ್ರೆಗೆ, ಎಷ್ಟು ಬೇಗ ಎಂಬುದೇ ಉಳಿದಿರುವ ಪ್ರಶ್ನೆ. ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಜಿಲ್ಲಾಸ್ಪತ್ರೆ, ಅಲ್ಲಿಂದ ಬೆಂಗಳೂರಿನ ವಾಣಿವಿಲಾಸಕ್ಕೋ ಮೈಸೂರಿನ ಚೆಲುವಾಂಬಕ್ಕೋ ಎಂದು ನೋವು ತಿನ್ನುತ್ತ ಸಾಗುವುದಕ್ಕಿಂತ, ತೊಂದರೆ ಗೊತ್ತಿರುವ ಬಸುರಿಯನ್ನು ಮೊದಲೇ ತಕ್ಕ ಆಸ್ಪತ್ರೆಯ ಹತ್ತಿರ ಇರಿಸುವುದು ಸಾಧ್ಯವಿದೆ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ವೈದ್ಯರೇ ಬಸುರಿಯರನ್ನು ಉಚಿತವಾಗಿ ತಪಾಸಣೆ ಮಾಡುವ ವ್ಯವಸ್ಥೆ 2016ರಿಂದ ನಡೆದಿರುವುದು ಇಂಥವರನ್ನು ಬೇಗ ಗುರುತಿಸಲೆಂದೇ.

ಇದಕ್ಕೆ ಮೊದಲ ಆಕ್ಷೇಪ ಬರುವುದು ಮಗಳ ತಾಯಿಯಿಂದಲೇ. ಬೀಗರ ಮನೆಯಲ್ಲಿ ತಿಂಗಳುಗಟ್ಟಲೆ ಇರುವುದು ಹೇಗೆ, ಬೀಗಿತ್ತಿಯ ಅಡುಗೆಮನೆಗೆ ಕೈಹಾಕುವುದು ಹೇಗೆ, ನಾಲ್ಕು ಜನ ಏನಂದಾರು? ಈ ಸಂಕೋಚ ಸುಳ್ಳಲ್ಲ. ಹೆಣ್ಣು ಕೊಟ್ಟವರು ಅಳಿಯನ ಮನೆಯಲ್ಲಿ ಊಟಕ್ಕೂ ಹಿಂಜರಿಯುತ್ತಿದ್ದ ಕಾಲ ತೀರ ಹಿಂದಿನದಲ್ಲ. ಆದರೆ ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಇರುವ ಮಗಳ ಬಾಣಂತನಕ್ಕೆ ಮೆಂತ್ಯದ ಹಿಟ್ಟು, ಅಂಟಿನುಂಡೆ ಕಟ್ಟಿಕೊಂಡು ತಂದೆತಾಯಿ ವಿಮಾನ ಹತ್ತುವುದು ಈಗ ನಮ್ಮೂರುಗಳಲ್ಲಿ ಸಾಮಾನ್ಯ ಸಂಗತಿ. ತವರೇ ಮಗಳ ಬಳಿಗೆ ಹೋದದ್ದಕ್ಕೆ ಅಲ್ಲಿ ಯಾರೂ ಕೊಂಕು ನುಡಿಯುವುದಿಲ್ಲ, ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಸಾಗರ ದಾಟಿ ಮಾಡಬಹುದಾದ್ದನ್ನು ಹಾವೇರಿಯಿಂದ ಬೆಂಗಳೂರಿಗೆ ಬಂದು ಮಾಡಲಾಗದು ಎನ್ನಲು ಕಾರಣ ಕಾಣುವುದಿಲ್ಲ. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಇಕ್ಕಟ್ಟಾಗುವುದು ನಿಜ, ಅತ್ತೆ ಮತ್ತು ತಾಯಿಯ ನಡುವೆ ಮಾತು ಬೆಳೆಯುವುದೂ ಉಂಟು. ಅದಕ್ಕೆ ಮದ್ದು ಅಳಿಯನ ಬಾಯಲ್ಲಿದೆ. ‘ಅತ್ತೆ, ನೀವು ಬಂದು ಇರಿ, ನಮಗೆ ಅನುಕೂಲವಾಗುತ್ತೆ’ ಎಂದು ಅವನು ಮುಂಚಿತವಾಗಿ ಕರೆದರೆ ಅರ್ಧ ಸಂಕೋಚ ಅಲ್ಲೇ ಕರಗುತ್ತದೆ. ಕರೆಯದಿದ್ದರೆ ಮಗಳೇ ಎರಡೂ ಕಡೆಯ ಮರ್ಯಾದೆ ಕಾಯುತ್ತ ಬಿಪಿ ಏರಿಸಿಕೊಳ್ಳಬೇಕಾಗುತ್ತದೆ.

ಎರಡನೆಯ ಆಕ್ಷೇಪ ಹೀಗೆ: ತವರಿಗೆ ಬಂದರೆ ತಾನೇ ಅವಳಿಗೆ ವಿಶ್ರಾಂತಿ, ಹೊಟ್ಟೆ ತುಂಬ ಊಟ? ಇಲ್ಲಿ ನಮ್ಮ ಅಕ್ಕರೆಯನ್ನೇ ಸ್ವಲ್ಪ ತಿದ್ದಿಕೊಳ್ಳಬೇಕಾಗಿದೆ. ಕಷ್ಟದ ಬಸಿರು ಎಂದೊಡನೆ ಮಗಳನ್ನು ಹಾಸಿಗೆಯಿಂದ ಏಳಗೊಡದ ಮನೆಗಳು ಬಹಳ. ಬಿಪಿ ಇದ್ದವರಲ್ಲಿ, ಅವಳಿ ಬಸಿರಿನಲ್ಲಿ, ಅವಧಿಗೆ ಮುನ್ನ ಹೆರಿಗೆಯಾಗುವ ಭಯವಿದ್ದವರಲ್ಲಿ ಹಾಸಿಗೆ ಹಿಡಿಸುವುದರಿಂದ ಅನುಕೂಲವಾಗುತ್ತದೆಂಬುದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ ಎಂದು ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ವಿಮರ್ಶೆಗಳು ಹೇಳಿವೆ. ಬಸಿರಿನಲ್ಲಿ ರಕ್ತ ಹೆಪ್ಪುಗಟ್ಟುವ ಗುಣ ಮೊದಲೇ ಹೆಚ್ಚಿರುವುದರಿಂದ ಅಲುಗಾಡದೆ ಮಲಗಿದರೆ ಕಾಲಿನ ರಕ್ತನಾಳದಲ್ಲಿ ಗಡ್ಡೆ ಕಟ್ಟುವ ಅಪಾಯವಿದೆ. ಮಾಸು ಕೆಳಗಿದ್ದು ರಕ್ತ ಹೋಗುತ್ತಿರುವಂಥ ಸಂದರ್ಭದಲ್ಲಿ ವೈದ್ಯರು ಏನು ಮಾಡಬಾರದೆಂದು ಬಿಡಿಸಿ ಹೇಳಿರುತ್ತಾರೆ, ಅದನ್ನು ಪಾಲಿಸಬೇಕು. ಉಳಿದವರಿಗೆ ಭಾರ ಎತ್ತುವ, ಬಗ್ಗಿ ದುಡಿಯುವ, ರಾತ್ರಿ ನಿದ್ದೆಗೆಡುವ ಕೆಲಸ ತಪ್ಪಿಸಿದರೆ ಸಾಕು. ಅಂಗಳದಲ್ಲಿ ನಡೆಯಲಿ, ಕೂತು ಸೊಪ್ಪು ಬಿಡಿಸಲಿ. ಊಟದ ವಿಷಯವೂ ಹಾಗೆಯೇ. ‘ಇಬ್ಬರಿಗೆ ಉಣ್ಣಬೇಕು’ ಎಂದು ಬಡಿಸುವ ಕೈ, ಬಸಿರಿನ ಸಕ್ಕರೆ ಕಾಯಿಲೆ ಇರುವ ಮಗಳಿಗೆ ತಿಳಿಯದೆಯೇ ತೊಂದರೆ ಮಾಡುತ್ತದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997-98ರಲ್ಲಿ ಆರಂಭವಾದ ಪಾರ್ಥೆನಾನ್ ಅಧ್ಯಯನ ನೂರರಲ್ಲಿ ಸುಮಾರು ಆರು ಬಸುರಿಯರಲ್ಲಿ ಈ ತೊಂದರೆಯನ್ನು ಕಂಡಿತು. ಅಂಥ ತಾಯಂದಿರ ಹೆಣ್ಣುಮಕ್ಕಳ ಮೈಯಲ್ಲಿ ಐದನೇ ವರ್ಷಕ್ಕೇ ಕೊಬ್ಬು ಹೆಚ್ಚಿದ್ದುದನ್ನೂ ದಾಖಲಿಸಿತು. ಹಾಗೆಂದು ಉಪವಾಸ ಕೆಡವಬೇಕಿಲ್ಲ. ಮೂರು ಹೊತ್ತಿನ ಊಟವನ್ನು ಐದಾರು ಸಲಕ್ಕೆ ಹಂಚಿ, ಅನ್ನ ತಗ್ಗಿಸಿ, ಕಾಳು, ಸೊಪ್ಪು, ಮೊಸರು, ತಿನ್ನುವವರಾದರೆ ಮೊಟ್ಟೆ ಹೆಚ್ಚಿಸಿದರೆ ಬಹಳ ಮಂದಿಗೆ ಶುಗರ್ ಹತೋಟಿಗೆ ಬರುತ್ತದೆ. ಮುದ್ದೆಯಾದರೂ ಅಳತೆ ಬೇಕು. ದೇಶದ ಬಸುರಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ರಕ್ತಹೀನತೆ ಇದೆಯೆಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೇ ಹೇಳುತ್ತದೆ. ಅವರ ಕಬ್ಬಿಣದ ಮಾತ್ರೆ ಮೈಗೆ ಹತ್ತಬೇಕಾದರೆ ಅದರ ಹಿಂದೆಯೇ ಕಾಫಿ, ಟೀ ಕುಡಿಯಬಾರದು, ಕ್ಯಾಲ್ಸಿಯಂ ಮಾತ್ರೆಯನ್ನು ಬೇರೆ ಹೊತ್ತಿಗೆ ಇಡಬೇಕು. ಇಂಥ ಸಣ್ಣ ಕಟ್ಟುನಿಟ್ಟೇ ಈ ತಿಂಗಳುಗಳಲ್ಲಿ ತವರು ಮಾಡಬಹುದಾದ ದೊಡ್ಡ ಉಪಕಾರ. ಮನೆಯಲ್ಲೊಂದು ಬಿಪಿ ಯಂತ್ರ, ದಿನದ ಅಂಕಿ ಬರೆಯಲು ಒಂದು ಪುಸ್ತಕ, ಕೂಸಿನ ಮಿಸುಕಾಟ ಕಡಿಮೆಯಾಗಿದೆಯೇ ಎಂದು ದಿನವೂ ಕೇಳುವ ಒಂದು ದನಿ. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಪಕ್ಕೆಲುಬಿನ ಕೆಳಗೆ ಬಲಗಡೆ ನೋವು, ಮುಖ ಮತ್ತು ಕೈ ಊದುವುದು, ರಕ್ತ ಅಥವಾ ನೀರು ಹೋಗುವುದು, ಕೂಸು ಮಿಸುಕದಿರುವುದು: ಇವುಗಳಲ್ಲಿ ಒಂದು ಕಂಡರೂ ಬೆಳಗಾಗುವುದನ್ನು ಕಾಯಬಾರದು.

ಹಣದ ಮಾತನ್ನು ಮುಚ್ಚಿಡಬಾರದು. ಚೊಚ್ಚಲ ಹೆರಿಗೆಯ ಖರ್ಚು ತವರಿನದೆಂಬ ರೂಢಿ ಸಾಮಾನ್ಯ ಹೆರಿಗೆಯ ಕಾಲಕ್ಕೆ ಹುಟ್ಟಿದ್ದು. ಪದೇ ಪದೇ ಸ್ಕ್ಯಾನಿಂಗ್, ಇನ್ಸುಲಿನ್, ಆಪರೇಷನ್, ವಾರಗಟ್ಟಲೆ ಕೂಸಿನ ತೀವ್ರ ನಿಗಾ ಇವೆಲ್ಲ ಸೇರಿದ ಹೆರಿಗೆಯನ್ನು ನಿವೃತ್ತನೋ ಕೂಲಿಕಾರನೋ ಆದ ತಂದೆಯ ತಲೆಗೆ ಕಟ್ಟುವುದು ಅನ್ಯಾಯ. ಆ ಲೆಕ್ಕ ಎರಡು ಮನೆಗಳ ನಡುವೆ ಜಗ್ಗಾಡುವಾಗಲೇ ಮೊದಲನೆಯ ವಿಳಂಬ ಆಗುವುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಕಾಯಿಲೆ ಬಿದ್ದ ನವಜಾತ ಶಿಶುವಿನ ಆರೈಕೆ ಉಚಿತವಾಗಿರಬೇಕೆಂಬುದು 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ನಿಯಮ. ಅದನ್ನು ತಿಳಿದು, ಕೇಳಿ ಪಡೆಯುವ ಕೆಲಸವನ್ನು ಮನೆಯ ಗಂಡಸರು ವಹಿಸಿಕೊಳ್ಳಲಿ. ರಕ್ತ ಕೊಡುವವರು ಯಾರು, ರಾತ್ರಿ ಗಾಡಿ ಯಾರದು ಎಂಬುದನ್ನೂ ಅವರೇ ಮೊದಲೇ ಗೊತ್ತುಮಾಡಲಿ. ಐವತ್ತು ದಾಟಿದ ತಾಯಿಗೂ ಮಂಡಿನೋವು, ಬಿಪಿ ಇರುತ್ತವೆ. ಅವಳು ಹಗಲು ಅಡುಗೆ ಮಾಡಿ ರಾತ್ರಿ ಎಚ್ಚರವಿರುವ ಏರ್ಪಾಡು ಹೆಚ್ಚು ದಿನ ನಡೆಯುವುದಿಲ್ಲ. ಅಪ್ಪ ತನ್ನ ಊಟ ತಾನೇ ಬೇಯಿಸಿಕೊಂಡು ಊರಲ್ಲಿದ್ದರೆ ಅದೂ ಮಗಳ ಬಾಣಂತನದ ಪಾಲೇ.

ವೈದ್ಯರು ಸುಮ್ಮನೆ ಹೆದರಿಸುತ್ತಾರೆ, ಎಲ್ಲದಕ್ಕೂ ಆಪರೇಷನ್ ಎನ್ನುತ್ತಾರೆ, ನಮ್ಮ ಅಜ್ಜಿ ಎಂಟು ಹೆತ್ತಿದ್ದು ಮನೆಯಲ್ಲೇ ಎಂಬ ಮಾತನ್ನೂ ಎದುರಿಸಬೇಕು. ರಾಜ್ಯದ ಹೆರಿಗೆಗಳಲ್ಲಿ ಶೇ 31.5 ಸಿಸೇರಿಯನ್ ಎಂದು ಅದೇ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುವಾಗ ಅನುಮಾನ ಏಳುವುದು ಸಹಜ. ಆ ಅನುಮಾನವನ್ನು ಪ್ರಶ್ನೆಯಾಗಿಸಿ ವೈದ್ಯರ ಮುಂದಿಡಿ: ಏಕೆ ಬೇಕು, ಕಾದರೆ ಏನಾಗಬಹುದು, ಇನ್ನೊಬ್ಬರ ಅಭಿಪ್ರಾಯ ಕೇಳಬಹುದೇ? ಕೇಳುವ ಹಕ್ಕು ನಿಮಗಿದೆ, ಮೊದಲು ಮಗಳಿಗಿದೆ. ಅನುಮಾನವನ್ನೇ ನೆಪ ಮಾಡಿಕೊಂಡು ತಪಾಸಣೆ ತಪ್ಪಿಸುವುದು ಬೇರೆ. ಇನ್ನು ಎಂಟು ಹೆತ್ತ ಅಜ್ಜಿಯ ಕಥೆ ಹೇಳಲು ಆ ಅಜ್ಜಿ ಬದುಕಿ ಉಳಿದಳು. ಮೂರನೆಯದಕ್ಕೋ ನಾಲ್ಕನೆಯದಕ್ಕೋ ತೀರಿಕೊಂಡವರ ಕಥೆ ಹೇಳಲು ಎಷ್ಟೋ ಮನೆಗಳಲ್ಲಿ ಯಾರೂ ಉಳಿಯಲಿಲ್ಲ.

ಮಗಳ ಮನಸ್ಸಿನ ಮಾತು ಇವುಗಳ ನಡುವೆ ಕಳೆದುಹೋಗುತ್ತದೆ. ಪ್ರತಿ ಸ್ಕ್ಯಾನಿಂಗ್‌ಗೂ ಮುನ್ನ ನಿದ್ದೆ ಬರದ, ಕೂಸು ಉಳಿಯುತ್ತದೋ ಇಲ್ಲವೋ ಎಂದು ಹೊರಗೆ ಹೇಳಲಾಗದ ಅವಳಿಗೆ ‘ಅಳಬೇಡ, ಕೂಸಿಗೆ ಆಗದು’ ಎಂದರೆ ಅಳುವುದಕ್ಕೂ ಅಪರಾಧದ ಭಾವ ಅಂಟುತ್ತದೆ. ಕೇಳಿಸಿಕೊಳ್ಳುವವರೊಬ್ಬರು ಬೇಕು. ಮನೆಯವರಿಂದ ಆಗದಿದ್ದರೆ ನಿಮ್ಹಾನ್ಸ್‌ನಲ್ಲಿ ತಾಯಿ ಮತ್ತು ಕೂಸಿಗೆಂದೇ ಪ್ರತ್ಯೇಕ ವಿಭಾಗವಿದೆ. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು. ಹೆರಿಗೆಯ ಹೊತ್ತಿನಲ್ಲಿ ಜೊತೆಗೊಬ್ಬರು ಬಿಡದೆ ಇದ್ದರೆ ಸಿಸೇರಿಯನ್ ಸಾಧ್ಯತೆಯೇ ತಗ್ಗುತ್ತದೆಂದು 15,000ಕ್ಕೂ ಹೆಚ್ಚು ಹೆಂಗಸರನ್ನು ಒಳಗೊಂಡ ಅಧ್ಯಯನಗಳನ್ನು ಕೂಡಿಸಿದ 2017ರ ಕಾಕ್ರೇನ್ ವಿಮರ್ಶೆ ಕಂಡುಕೊಂಡಿದೆ. ಆ ಜೊತೆ ಯಾರಾಗಬೇಕೆಂದು ಮಗಳನ್ನೇ ಕೇಳಿ.

ಇನ್ನೊಂದು ಕೋರಿಕೆ ಹೆರಿಗೆಯ ನಂತರದ ದಿನಗಳ ಬಗ್ಗೆ. ಕೂಸು ಕೈಗೆ ಬಂದೊಡನೆ ಗಂಡಾಂತರ ಕಳೆಯಿತೆಂದು ಮನೆ ನಿರಾಳವಾಗುತ್ತದೆ, ಬಿಪಿ ಯಂತ್ರ ಅಟ್ಟ ಸೇರುತ್ತದೆ. ಆದರೆ ಬಸಿರಿನಲ್ಲಿ ಬಿಪಿ ಇದ್ದವರಿಗೆ ಅದು ಹೆರಿಗೆಯಾದ ಮೂರರಿಂದ ಆರನೇ ದಿನದ ನಡುವೆ ಮತ್ತೆ ಏರಬಹುದು, ಫಿಟ್ಸ್ ಆಗಲೂ ಬರಬಹುದು. ಬಾಣಂತಿಗೆ ನೀರು ಅಳೆದು ಕೊಡುವ ರೂಢಿ ಬಿಡಿ, ಬಾಯಾರಿದಷ್ಟು ಕುಡಿಯಲಿ. ಮೊದಲ ಎರಡು ವಾರ ಬಿಪಿ ನೋಡುವುದನ್ನು ನಿಲ್ಲಿಸಬೇಡಿ. ಶುಗರ್ ಇದ್ದವಳಿಗೆ ಆರನೇ ವಾರದಲ್ಲಿ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ರಕ್ತಪರೀಕ್ಷೆ ಮಾಡಿಸಿ.